ಪಥ್ಯ

ಹೃದಯದ ಕಾಯಿಲೆಯಾಗಿ ಆಸ್ಪತ್ರೆ ಸೇರಿ ಮನೆಗೆ ಬಂದ ಮೇಲೆ ನೀಲಗಂಗಮ್ಮನ ತಟ್ಟೆಗೆ ಎಣ್ಣೆ, ತುಪ್ಪ ಬೀಳಲೇ ಇಲ್ಲ.

"ಡಾಕ್ಟರು ಬೇಡ ಅಂದಿದ್ದಾರೆ ಅತ್ತೆ," ಎಂದು ಸೊಸೆ ವಿಮಲಾಕ್ಷಿ ಒಣರೊಟ್ಟಿ, ಬೇಯಿಸಿದ ಸೊಪ್ಪು ಬಡಿಸುತ್ತಿದ್ದಳು. ಗಂಟಲಲ್ಲಿ ಇಳಿಯದಿದ್ದರೂ ನೀಲಗಂಗಮ್ಮ, "ಹೆತ್ತ ಮಗಳೂ ಹೀಗೆ ನೋಡಿಕೊಳ್ಳಲಿಕ್ಕಿಲ್ಲ," ಎಂದು ಅಕ್ಕಪಕ್ಕದವರ ಮುಂದೆ ಹೊಗಳುತ್ತಿದ್ದಳು.

ಮತ್ತೆ ತೋರಿಸಲು ಹೋದಾಗ ಡಾಕ್ಟರು ಬೆರಗಾದರು. "ಇಷ್ಟು ಸೊರಗಿದ್ದೀರಲ್ಲ! ಕರಿದದ್ದು ಬಿಡಿ, ಅಡುಗೆಗೆ ಹಿತಮಿತವಾಗಿ ಎಣ್ಣೆ, ಅನ್ನಕ್ಕೆ ಒಂದು ಚಮಚ ತುಪ್ಪ ಇರಲಿ ಅಂತ ನಿಮ್ಮ ಸೊಸೆಗೆ ಹೇಳಿದ್ದೆನಲ್ಲ?"

ನೀಲಗಂಗಮ್ಮ ಹೊರಗೆ ಬಂದು, ಅಲ್ಲಿ ಕಾಯುತ್ತಿದ್ದ ಸೊಸೆಯನ್ನು ಕೇಳಿದಳು: "ಯಾಕೆ ಹೀಗೆ ಮಾಡಿದೆಯೇ?"

ವಿಮಲಾಕ್ಷಿ ಅವಳ ಕೈ ಹಿಡಿದು ಮೆಟ್ಟಿಲು ಇಳಿಸುತ್ತಲೇ ಹೇಳಿದಳು: "ಹೆಣ್ಣು ಹೆತ್ತವಳಿಗೆ ತುಪ್ಪ ಯಾಕೆ ಅಂತ ನನ್ನ ಬಾಣಂತನದಲ್ಲಿ ಡಬ್ಬಿ ಎತ್ತಿಟ್ಟಿರಲ್ಲ, ಅದನ್ನು ಯಾವ ಡಾಕ್ಟರು ಹೇಳಿದ್ದರು ಅತ್ತೆ?"