ತಡವಾಗಿ ಬಂದ ಉತ್ತರ

"ನಾನು ಒತ್ತಿದ ನಂಬರು ಸರಿಯಾಗೇ ಇತ್ತು," ಎಂದು ಲ್ಯಾಬಿನ ಕೌಂಟರಿನ ಅಕ್ಕ ಮೂರನೇ ಸಲ ಹೇಳಿದರು. ಮೂರನೇ ಸಲಕ್ಕೆ ಅವರಿಗೇ ಅನುಮಾನ ಬಂದಂತಿತ್ತು.

ನಿನ್ನೆ ಅವರ ಕಂಪ್ಯೂಟರಿನಲ್ಲಿ ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರ ರಿಪೋರ್ಟು ಬಂದು ಕೂತಿತ್ತು. ಪ್ರಿಂಟಾಗಿ ರೋಗಿಯ ಕೈ ಸೇರಿಯೂ ಬಿಟ್ಟಿತ್ತು. ಪುಣ್ಯಕ್ಕೆ ಡಾಕ್ಟರ ಕಣ್ಣಿಗೆ ಬಿತ್ತು. ತಪ್ಪು ಪ್ರೋಗ್ರಾಮಿನದ್ದಲ್ಲ ಎಂದು ಇವತ್ತು ಮಧ್ಯಾಹ್ನದೊಳಗೆ ತೀರ್ಮಾನವಾದರೆ ಅಕ್ಕನ ಹದಿನಾಲ್ಕು ವರ್ಷದ ಕೆಲಸ ಹೋದಂತೆಯೇ.

ಪ್ರೋಗ್ರಾಮ್ ಬರೆದ ಕಂಪನಿಯಿಂದ ಇಬ್ಬರು ಬಂದಿದ್ದರು. ಅವರಲ್ಲಿ ಮುಖ್ಯಸ್ಥರು ಕೌಂಟರಿನ ಹಿಂದಿನ ಮೇಜಿನ ಕಂಪ್ಯೂಟರಿನಲ್ಲಿ ನಿನ್ನೆಯ ಅದೇ ಎರಡು ನಂಬರು ಹಾಕಿ ನೋಡಿದರು. ಮೊದಲನೆಯದನ್ನು ಒತ್ತಿ, ಕೈಕಟ್ಟಿ ಕೂತು, ರಿಪೋರ್ಟು ಬಂದ ಮೇಲೆ ಎರಡನೆಯದು. ಎರಡೂ ಸರಿ. "ಹತ್ತು ಸಲ ನೋಡಿದ್ದಾಯ್ತು ಅಕ್ಕಾ. ನಿಮ್ಮ ಬೆರಳೇ ಎಲ್ಲೋ ಜಾರಿದೆ."

ಜೊತೆಗೆ ಬಂದ ಹುಡುಗಿ ಪಕ್ಕದಲ್ಲಿ ನಿಂತು ಪರದೆ ನೋಡುತ್ತಿದ್ದಳು. ಇವತ್ತು ಕೇಳಿದರೆ ನಾಳೆ ಉತ್ತರಿಸುತ್ತಾಳೆಂದು ಆಫೀಸಿನಲ್ಲಿ ಅವಳಿಗೆ ನಾಳೆಮ್ಮ ಎಂದೇ ಹೆಸರು. ಯಾರೇನು ಕೇಳಿದರೂ ಅವಳು ಉತ್ತರವನ್ನು ಒಳಗೊಳಗೇ ತಿರುವಿ, ಮಡಿಸಿ, ಇಸ್ತ್ರಿ ಮಾಡಿ ಹೊರತರುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತಿತ್ತು. ಈಗಲೂ ಅಷ್ಟೇ ಆಯಿತು. "ಟೀ ಹೇಗಿರ್ಲಿ ಮಗಳೇ?" ಎಂದರು ಅಕ್ಕ. ಅವಳು ಬಾಯಿ ತೆರೆಯುವ ಮೊದಲೇ ಮುಖ್ಯಸ್ಥರು ಅವಳ ಕಡೆ ತಿರುಗಿ, "ನಮ್ಮ ಕೋಡಲ್ಲಿ ಏನಾದ್ರೂ ಕೊರತೆ ಇದೆಯೇನಮ್ಮಾ?" ಎಂದರು.

"ಸಕ್ಕರೆ ಸ್ವಲ್ಪ ಕಮ್ಮಿ," ಎಂದಳು ಹುಡುಗಿ.

ಅಷ್ಟು ಸಂಕಟದಲ್ಲೂ ಅಕ್ಕ ನಕ್ಕುಬಿಟ್ಟರು. ಹುಡುಗಿಯ ಕಿವಿ ಬಿಸಿಯಾಯಿತು. ಉತ್ತರವೇನೂ ತಪ್ಪಾಗಿರಲಿಲ್ಲ. ಬೇರೆ ಪ್ರಶ್ನೆಯ ಕೆಳಗೆ ಹೋಗಿ ಕೂತಿತ್ತು, ಅಷ್ಟೆ. ಹಾಗಂದುಕೊಂಡವಳು ಅಲ್ಲೇ ತಡೆದು ನಿಂತಳು. ಬೇರೆ ಪ್ರಶ್ನೆಯ ಕೆಳಗೆ...

"ಸಾಲು ಬೆಳೀತಿದೆ, ನೀವು ತೀರ್ಮಾನ ಮಾಡ್ತಾ ಇರಿ," ಎಂದು ಅಕ್ಕ ಕೌಂಟರಿಗೆ ಹೋದರು. ಹುಡುಗಿ ಅವರ ಬೆರಳುಗಳನ್ನೇ ನೋಡಿದಳು. ಮೊದಲ ಚೀಟಿಯ ನಂಬರು ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗತೊಡಗಿತು. "ನನಗೇನವಸರ ತಾಯಿ, ಪಾಪ ಆ ಮಗು ಎತ್ಕೊಂಡಿರೋರದ್ದು ಮೊದಲು ನೋಡು," ಎಂದರು ಚೀಟಿ ಕೊಟ್ಟ ಅಜ್ಜ. ಚಕ್ರ ಇನ್ನೂ ತಿರುಗುತ್ತಿರುವಾಗಲೇ ಅಕ್ಕ ಎರಡನೇ ನಂಬರು ಒತ್ತಿದರು. ಇಲ್ಲಿ ಕೈಕಟ್ಟಿ ಕೂರಲು ಯಾರಿಗೆ ಪುರುಸೊತ್ತಿತ್ತು?

"ಸರ್..." ಎಂದಳು ಹುಡುಗಿ.

"ಆಫೀಸಿಗೆ ಹೋಗಿ ಮಾತಾಡೋಣ," ಎಂದು ಮುಖ್ಯಸ್ಥರು ಬ್ಯಾಗಿನ ಜಿಪ್ ಎಳೆದರು.

ಬೇರೆ ದಿನವಾಗಿದ್ದರೆ ಅವಳು ಮಾತನ್ನು ನುಂಗಿಕೊಳ್ಳುತ್ತಿದ್ದಳು. ಇವತ್ತು ಮುಖ್ಯಸ್ಥರು ನೋಡಿದ ಅದೇ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಕೂತು, ನಿನ್ನೆಯ ಮೊದಲ ನಂಬರು ಒತ್ತಿದಳು. ಅದು ಸ್ಕ್ಯಾನ್ ಚಿತ್ರಗಳು ತುಂಬಿದ, ನಿಧಾನಕ್ಕೆ ಬರುವ ದಪ್ಪ ರಿಪೋರ್ಟು. ಅದು ಬರುವ ಮೊದಲೇ ಎರಡನೆಯದನ್ನೂ ಒತ್ತಿದಳು. ಎರಡನೆಯವರದು ಒಂದೇ ಪುಟ, ಥಟ್ಟನೆ ಬಂತು.

"ಸರಿಯಾಗೇ ಇದೆಯಲ್ಲ," ಎಂದರು ಮುಖ್ಯಸ್ಥರು.

ಪರದೆ ಒಮ್ಮೆ ಮಿನುಗಿತು. ಹಿಂದೆ ಉಳಿದಿದ್ದ ಮೊದಲನೆಯದು ಆಗ ಬಂದು, ಇದ್ದದ್ದನ್ನು ಅಳಿಸಿ ತಾನು ಕೂತಿತು. ಮೇಲೆ ಹೆಸರು ಮಾತ್ರ ಎರಡನೆಯವರದೇ.

ಮುಖ್ಯಸ್ಥರ ಬ್ಯಾಗು ಹೆಗಲಿನಿಂದ ಕೆಳಗಿಳಿಯಿತು. ಅಕ್ಕ ಕೌಂಟರ್ ಬಿಟ್ಟು ಬಂದು ಅವಳ ಕುರ್ಚಿಯ ಬೆನ್ನು ಹಿಡಿದು ನಿಂತರು.

"ಇದು... ಇದ್ಯಾಕೆ ಹೀಗೆ?" ಎಂದರು ಮುಖ್ಯಸ್ಥರು.

ಹುಡುಗಿಗೆ ಎಲ್ಲವೂ ಗೊತ್ತಿತ್ತು. ಬಂದ ಪ್ರತಿ ಉತ್ತರವನ್ನೂ ಬಾಗಿಲಲ್ಲೇ ತಡೆದು, ನೀನು ಯಾವ ನಂಬರಿಗೆ ಬಂದವನು ಎಂದು ಕೇಳಬೇಕು, ಹಳೆಯದಾದರೆ ವಾಪಸು ಕಳಿಸಬೇಕು. ನಾಲ್ಕು ಸಾಲು ಕೋಡಿನ ಕೆಲಸ. ಆದರೆ ಗಂಟಲಿನಲ್ಲಿ ಮಾತು ಇನ್ನೂ ಮಡಿಕೆ ಬಿಚ್ಚುತ್ತಿತ್ತು. ಮುಖ್ಯಸ್ಥರು ಮತ್ತೇನೋ ಕೇಳಲು ಬಾಯಿ ತೆರೆದರು.

ಅಕ್ಕ ಕೈ ಅಡ್ಡ ಹಿಡಿದರು.

"ತಡೀರಿ ಸಾರ್. ಇನ್ನೊಂದು ಪ್ರಶ್ನೆ ಹಾಕ್ಬೇಡಿ. ಮೊದಲನೇದರ ಉತ್ತರ ಬರ್ತಾ ಇದೆ."