ಶೇಟರ ದನಿಯಲ್ಲಿ ಲಾಭ

ಇದನ್ನು ಕಟ್ಟುಕತೆ ಎನ್ನುವವರು ಉಲ್ಲಾಸ ಕೆಲಸಕ್ಕಿದ್ದ ಸಾಫ್ಟ್‌ವೇರ್ ಕಂಪನಿಯಲ್ಲಿ ಒಂದು ವರ್ಷ ದುಡಿದು ನೋಡಲಿ. ಸಂಬಳ ಏರಿಸಿ ಎಂದಾಗಲೆಲ್ಲ ಯಜಮಾನರು ಕಂಪನಿ ನಷ್ಟದಲ್ಲಿದೆ ಎಂದು ಮುಖ ಸಣ್ಣದು ಮಾಡುತ್ತಿದ್ದರು. ಹೊಸ ಕಾರಿನಲ್ಲಿ ಬಂದಿಳಿದ ದಿನವೂ ಅದೇ ಮಾತು, ಅದೇ ಮುಖ. ಉಲ್ಲಾಸ ಅದರಲ್ಲಿ ಒಂದಕ್ಷರವನ್ನೂ ನಂಬಲಿಲ್ಲ.

ಯಾರ ದನಿಯನ್ನಾದರೂ ಅನುಕರಿಸುವ ವಿದ್ಯೆ ಅವನಿಗೆ ಕೈವಶ. ಒಂದು ಮಧ್ಯಾಹ್ನ ಸಹೋದ್ಯೋಗಿಗಳನ್ನೆಲ್ಲ ಸುತ್ತ ಕೂರಿಸಿಕೊಂಡು, ಕಂಪನಿಗೆ ಬಂಡವಾಳ ಹಾಕಿದ್ದ ಶೇಟರ ದನಿಯಲ್ಲಿ, ಹೊಸ ನಂಬರಿನಿಂದ ಯಜಮಾನರಿಗೆ ಫೋನ್ ಮಾಡಿದ.

“ಕ್ಯಾ ಸಾಬ್, ನಮ್ದು ಪೈಸಾ ಮುಳುಗಿ ಹೋಯ್ತಾ?”

“ಛೆ ಛೆ, ಬಿಡ್ತು ಅನ್ನಿ ಶೇಟ್‌ಜಿ! ಸಾಫ್ಟ್‌ವೇರ್ ಬೆಲೆ ಡಬಲ್ ಮಾಡಿದ್ರೂ ಜನ ಮುಗಿಬಿದ್ದು ತಗೋತಿದಾರೆ. ಲಾಭ ಅಂದ್ರೆ ಲಾಭ!”

ಉಲ್ಲಾಸ ಫೋನ್ ಹಿಡಿದುಕೊಂಡೇ ಯಜಮಾನರ ಕೋಣೆಗೆ ನುಗ್ಗಿದ. ಉಳಿದವರು ಕೇಕೆ ಹಾಕಿ ನಗುತ್ತ ಹಿಂದೆಯೇ ಬಂದರು.

“ಸಿಕ್ಕಿಬಿದ್ರಿ ಸಾರ್! ಈಗ ಸಂಬಳ ಏರ್ಸಿ.”

ಯಜಮಾನರು ಒಮ್ಮೆ ಫೋನನ್ನು, ಒಮ್ಮೆ ಅವನನ್ನು ನೋಡಿದರು. ಆಮೇಲೆ ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

“ಅಯ್ಯೋ ಮಂಕೇ, ಪುಕ್ಕಟೆ ಕೊಟ್ರೂ ಯಾರೂ ತಗೋತಿಲ್ಲ ಕಣೋ! ನಾನು ಸುಳ್ಳು ಹೇಳೋದು ನಿಮಗಲ್ಲ, ಶೇಟ್‌ಜಿಗೆ.”