ದಾರಿಯ ಮೇಲೆ ಮಸಿ

ಊರಿನ ಸಂಜೆಯ ಚಿತ್ರ ಬರೆಯುವ ಸರದಿ ಈ ವರ್ಷ ಪದ್ಮಾಕ್ಷಿಯದು. ಅವಳು ಹಲಗೆಯ ಮೇಲೆ ಬರೆದಂತೆಯೇ ಕಿಟಕಿಯಾಚೆಯ ಕಣಿವೆ ಕಪ್ಪಾಗುತ್ತಿತ್ತು, ಮಂಜು ಕವಿಯುತ್ತಿತ್ತು. ನೀಲಿ, ಕಾವಿ, ಮಸಿ, ಇವು ಮೂರೇ ಬಣ್ಣ. ಬಂಡೆಗಳಿಗೆ ಅಂಟು ಕಲಸಿದ ಮರಳು, ಮಂಜಿಗೆ ತೆಳು ಕಾಗದ. ಮನುಷ್ಯರನ್ನು ಮಾತ್ರ ಯಾರೂ ಬರೆಯುತ್ತಿರಲಿಲ್ಲ. ಚಿತ್ರದಲ್ಲಿ ಮೂಡಿ ಹೊರಗೆ ಬಂದವರನ್ನು ವಾಪಸ್ ಕಳಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಅಂದು ಅವಳು ಕುಂಚವನ್ನು ಮಸಿಯಲ್ಲಿ ತುಸು ಹೆಚ್ಚೇ ಅದ್ದಿದ್ದಳು. ಗುಡ್ಡದ ದಾರಿಯ ಮೇಲೆ ಹನಿಯೊಂದು ಬಿದ್ದು ಉದ್ದಕ್ಕೆ ಇಳಿಯಿತು.

“ಅಕ್ಕಾ, ಗುಡ್ಡದ ದಾರೀಲಿ ಯಾರೋ ನಿಂತವ್ರೆ,” ಎಂದಳು ಕಿಟಕಿಯ ಬಳಿಯಿದ್ದ ತಂಗಿ ಹೇಮಾ. “ಅಲ್ಲಾಡ್ತಾನೇ ಇಲ್ಲ. ನಮ್ ಪುಟ್ಟಿ ಸ್ಕೂಲಿಂದ ಅದೇ ದಾರೀಲಿ ಬರ್ಬೇಕಲ್ಲ!”

ಪದ್ಮಾಕ್ಷಿ ಹಲಗೆಯ ಮೇಲಿನ ಹನಿಯನ್ನು ನೋಡಿದಳು. ನೀರು ಹಾಕಿ ಒರೆಸಿದರೆ ದಾರಿಯೇ ಅಳಿಸಿಹೋಗುತ್ತದೆ. ತಂಗಿಯ ಮಗು ಆಗಲೇ ಆ ದಾರಿ ಹಿಡಿದಿರಬಹುದು. ತೆಳು ಕಾಗದ ಹರಿದು, ಅಂಟು ಸವರಿ, ಹನಿಯ ಮೇಲೆ ಒತ್ತಿದಳು. ಹೊರಗೆ ದಾರಿಯ ಮೇಲೆ ಬೆಳ್ಳನೆಯ ಮಂಜು ಇಳಿಯಿತು.

“ಈಗ ಕಾಣ್ತಾನಾ?”

“ಇಲ್ಲ ಕಣಕ್ಕ. ಸದ್ಯ, ಹೋದ.”

ಪದ್ಮಾಕ್ಷಿ ಉಸಿರು ಬಿಟ್ಟು ಚಿತ್ರದತ್ತ ಬಗ್ಗಿದಳು. ಅಂಟಿನ ತೇವಕ್ಕೆ ಕರಗಿದ ಮಸಿ ಕಾಗದದ ಅಂಚಿನಿಂದ ತೆಳ್ಳಗೆ, ತೋಳು ಚಾಚಿದಂತೆ, ಪಕ್ಕಕ್ಕೆ ಒಸರುತ್ತಿತ್ತು.

“ಅಗೋ, ಪುಟ್ಟಿ ಬಂದ್ಲು!” ಹೇಮಾ ನಕ್ಕಳು. ಮರುಕ್ಷಣವೇ ಅವಳ ದನಿ ಇಳಿಯಿತು. “ಅಕ್ಕಾ... ಅವ್ಳು ಯಾರ ಕೈ ಹಿಡ್ಕೊಂಡು ಬರ್ತಾವ್ಳೆ?”